ಬೆಂಕಿಯ ಪೋಕೆಮಾನ್ ಆರಿಸುವ ಮೊದಲು: ಅದು ಎಷ್ಟು ಬಾರಿ ಕಣಕ್ಕಿಳಿಯಬೇಕು?

ಪೋಕೆಮಾನ್ ವಿಡಿಯೋ ಆಟದ ಪಂದ್ಯವೊಂದು ಕೊನೆಯ ಹಂತಕ್ಕೆ ಬಂದಿತ್ತು. ಎದುರಾಳಿಯ ಬಳಿ ಉಳಿದಿದ್ದವು ಎರಡೇ ಪೋಕೆಮಾನ್, ಎರಡೂ ವೋಲ್ಕರೋನಾದ ಬೆಂಕಿಯನ್ನು ತಾಳುವಂಥವಲ್ಲ. ನನ್ನ ವೋಲ್ಕರೋನಾ ಅದಕ್ಕೂ ಮುನ್ನ ಒಂದು ಬಾರಿ ಬಂದು, ಒಂದು ಏಟೂ ತಿನ್ನದೆ ಹಿಂದೆ ಸರಿದಿತ್ತು. ನನ್ನ ಕಡೆ ಸ್ಟೆಲ್ತ್ ರಾಕ್‌ನ ಕಲ್ಲುಗಳು ತೇಲುತ್ತಿದ್ದವು, ಎದುರಾಳಿ ಹಾಕಿದ ಅವು ಒಳಗೆ ಬರುವ ಪೋಕೆಮಾನ್‌ಗೆ ಬಂದ ಕೂಡಲೇ ಹೊಡೆಯುತ್ತವೆ. ಆ ಕಲ್ಲುಗಳಿಂದ ಕಾಯುವ ಬೂಟ್ಸ್ ಕೊಡಬೇಕಾದ ಜಾಗದಲ್ಲಿ ನಾನು ಬೇರೊಂದು ವಸ್ತು ಕೊಟ್ಟಿದ್ದೆ. ವೋಲ್ಕರೋನಾದ ಪೂರ್ಣ ಎಚ್‌ಪಿ, ಅಂದರೆ ಜೀವಬಲ, 312. ಮೊದಲ ಸಲ ಬಂದಾಗ ಕಲ್ಲುಗಳು ಅರ್ಧ, ಅಂದರೆ 156, ಕಿತ್ತುಕೊಂಡಿದ್ದವು. ಎರಡನೆಯ ಸಲ ಬಂದಾಗ ಉಳಿದ 156ನ್ನೂ ಕಿತ್ತುಕೊಂಡವು. ದಾಳಿ ಮಾಡುವ ಮಾತಿರಲಿ, ರೆಕ್ಕೆ ಬಿಚ್ಚುವ ಮೊದಲೇ ಅದು ಬಿದ್ದಿತು.

ಎಚ್‌ಪಿಗೆ ನಾನು ಹಾಕಿದ್ದ 4 ಇವಿಗಳನ್ನು (ಪೋಕೆಮಾನ್‌ನ ಬಲ ಏರಿಸಲು ನಾವು ಹಂಚುವ ತರಬೇತಿ ಅಂಕಗಳನ್ನು) ಬೇರೆಡೆ ಹಾಕಿದ್ದರೆ ಪೂರ್ಣ ಎಚ್‌ಪಿ 311 ಆಗುತ್ತಿತ್ತು. 311ರ ಅರ್ಧವನ್ನು ಆಟ ಕೆಳಮುಖವಾಗಿ ಲೆಕ್ಕ ಹಾಕುವುದರಿಂದ ಪ್ರತಿ ಸಲ ಹೋಗುವುದು 155 ಮಾತ್ರ. ಎರಡು ಸಲ ಬಂದರೂ ಒಂದು ಎಚ್‌ಪಿ ಉಳಿಯುತ್ತದೆ. ತನಗಿಂತ ನಿಧಾನವಾದ ಎದುರಾಳಿಗಳ ಮುಂದೆ ವೋಲ್ಕರೋನಾಕ್ಕೆ ಆ ಒಂದೇ ಸಾಕಿತ್ತು.

ಬೆಂಕಿ ವರ್ಗದಲ್ಲಿ ಯಾವುದನ್ನು ತಂಡಕ್ಕೆ ಸೇರಿಸಿಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಅಂದಿನಿಂದ ಮೊದಲು ಕೇಳುವುದು ಇದನ್ನೇ: ಒಂದು ಪಂದ್ಯದಲ್ಲಿ ಅದು ಎಷ್ಟು ಬಾರಿ ಕಣಕ್ಕಿಳಿಯಬೇಕು, ಪ್ರತಿ ಬಾರಿ ಇಳಿದಾಗ ಏನು ಕೊಡುತ್ತದೆ, ಏನು ಕಳೆದುಕೊಳ್ಳುತ್ತದೆ? ಎಷ್ಟು ಜೋರಾಗಿ ಸುಡುತ್ತದೆ ಎಂಬುದು ಆಮೇಲಿನ ಮಾತು. ಜೋರಾಗಿ ಸುಡುವ ಪೋಕೆಮಾನ್‌ಗಳಿಗೆ ಈ ವರ್ಗದಲ್ಲಿ ಬರವಿಲ್ಲ.

ಅಳೆಯುವ ಬಗೆ

ಬೆಂಕಿ ವರ್ಗ ರಕ್ಷಣೆಯಲ್ಲಿ ಕೊಡುವುದು ಬಹಳ. ಬೆಂಕಿ, ಹುಲ್ಲು, ಹಿಮ, ಕೀಟ, ಉಕ್ಕು, ಫೇರಿ ಈ ಆರು ವರ್ಗಗಳ ದಾಳಿಯ ಅರ್ಧ ಪೆಟ್ಟು ಮಾತ್ರ ಅದಕ್ಕೆ ತಾಗುತ್ತದೆ. ಫೇರಿ ವರ್ಗ 2013ರಲ್ಲಿ ಎಕ್ಸ್ ಮತ್ತು ವೈ ಆಟಗಳೊಂದಿಗೆ ಬಂದ ಮೇಲೆ ಈ ಗುಣದ ಬೆಲೆ ಏರಿತು. ಜೊತೆಗೆ ಬೆಂಕಿ ವರ್ಗದ್ದಕ್ಕೆ ಬರ್ನ್ ತಗಲುವುದಿಲ್ಲ. ದೈಹಿಕ ದಾಳಿಯ ಪೆಟ್ಟನ್ನು ಅರ್ಧಕ್ಕಿಳಿಸುವ ಬರ್ನ್ ಎಷ್ಟು ಪಂದ್ಯಗಳ ದಿಕ್ಕು ತಿರುಗಿಸುತ್ತದೆ ಎಂಬುದನ್ನು ಆಡಿದವರೇ ಬಲ್ಲರು.

ದೌರ್ಬಲ್ಯಗಳು ಮೂರು: ನೀರು, ನೆಲ, ಕಲ್ಲು. ನೀರಿನ ದಾಳಿ ಬರುತ್ತದೆ ಎನಿಸಿದಾಗ ಜೊತೆಗಾರನನ್ನು ಮುಂದೆ ಬಿಡಬಹುದು, ನೆಲದ ದಾಳಿಗೆ ಹಾರುವ ಪೋಕೆಮಾನ್ ತರಬಹುದು. ಕಲ್ಲಿಗೆ ಮಾತ್ರ ಆ ಉಪಾಯ ಸಾಲದು, ಏಕೆಂದರೆ ಸ್ಟೆಲ್ತ್ ರಾಕ್ ಕಾದು ಕುಳಿತು ಒಳಗೆ ಕಾಲಿಟ್ಟ ಕ್ಷಣವೇ ಹೊಡೆಯುತ್ತದೆ. ಸಾಮಾನ್ಯ ಪೋಕೆಮಾನ್‌ಗೆ ಪೂರ್ಣ ಎಚ್‌ಪಿಯ ಎಂಟನೆಯ ಒಂದು ಪಾಲು, ಕಲ್ಲಿಗೆ ದುರ್ಬಲವಾದದ್ದಕ್ಕೆ ಕಾಲು ಪಾಲು, ನಾಲ್ಕು ಪಟ್ಟು ದುರ್ಬಲವಾದದ್ದಕ್ಕೆ ಅರ್ಧ. 2019ರಲ್ಲಿ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಲ್ಲಿ ಹೆವಿ ಡ್ಯೂಟಿ ಬೂಟ್ಸ್ ಬಂದ ಮೇಲೆ ಬೆಂಕಿ ವರ್ಗ ಉಸಿರಾಡುವಂತಾಯಿತು. ಆದರೆ ಬೂಟ್ಸ್ ತೊಟ್ಟ ಪೋಕೆಮಾನ್‌ಗೆ ಎಚ್‌ಪಿ ಮರಳಿಸುವ ಲೆಫ್ಟೋವರ್ಸ್ ಇಲ್ಲ, ಪೆಟ್ಟು ಹೆಚ್ಚಿಸುವ ಲೈಫ್ ಆರ್ಬ್ ಇಲ್ಲ, ತೊಡುವ ವಸ್ತು ಒಂದೇ. ಎದುರಾಳಿ ವಸ್ತುವನ್ನೇ ಕಿತ್ತೆಸೆಯುವ ನಾಕ್ ಆಫ್ ಹೊಡೆದರೆ ಬೂಟ್ಸ್ ಕೂಡ ಇಲ್ಲ.

ಎರಡನೆಯದಾಗಿ, ನೀವು ಆಡುವುದು ಸಿಂಗಲ್ಸೋ (ಕಣದಲ್ಲಿ ಒಂದಕ್ಕೆ ಒಂದು) ಡಬಲ್ಸೋ (ಎರಡಕ್ಕೆ ಎರಡು) ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ಆರಕ್ಕೆ ಆರು, ಲೆವೆಲ್ 100ರ ಸಿಂಗಲ್ಸ್ ಪಂದ್ಯ ಉದ್ದವಾಗಿರುತ್ತದೆ, ಪೋಕೆಮಾನ್‌ಗಳು ಮತ್ತೆ ಮತ್ತೆ ಒಳಗೆ ಹೊರಗೆ ಓಡಾಡುತ್ತವೆ, ಕಲ್ಲುಗಳ ಲೆಕ್ಕ ಪ್ರತಿ ಸಲವೂ ಏರುತ್ತದೆ. ವಿಜಿಸಿ ಎಂಬ ಅಧಿಕೃತ ಸ್ಪರ್ಧೆಯ ಡಬಲ್ಸ್‌ನಲ್ಲಿ ಆರರಿಂದ ನಾಲ್ಕನ್ನು ಆರಿಸಿ ಲೆವೆಲ್ 50ರಲ್ಲಿ ಆಡುತ್ತೇವೆ. ಅಲ್ಲಿ ಪಂದ್ಯ ಬೇಗ ಮುಗಿಯುತ್ತದೆ, ಕಲ್ಲು ಹಾಕಲು ಒಂದು ಸುತ್ತನ್ನು ವ್ಯಯಿಸುವವರು ಕಡಿಮೆ. ಹಾಗಾಗಿ ಸಿಂಗಲ್ಸ್‌ನಲ್ಲಿ ಒಳಬರುವುದಕ್ಕೆ ತೆರಬೇಕಾದ ಬೆಲೆ ಮುಖ್ಯ, ಡಬಲ್ಸ್‌ನಲ್ಲಿ ಒಳಬಂದಾಗ ಸಿಗುವ ಲಾಭ ಮುಖ್ಯ.

ಮೂರನೆಯದು ಖರ್ಚು. ಸ್ಕಾರ್ಲೆಟ್ ಮತ್ತು ವಯಲೆಟ್ ಆಟಗಳಲ್ಲಿ ಟೆರಾ, ಅಂದರೆ ಪಂದ್ಯದ ನಡುವೆ ಪೋಕೆಮಾನ್‌ನ ವರ್ಗವನ್ನೇ ಬದಲಿಸುವುದು, ತಂಡಕ್ಕೆ ಒಂದು ಪಂದ್ಯದಲ್ಲಿ ಒಂದೇ ಸಲ. ವಿಜಿಸಿಯಲ್ಲಿ ಒಂದೇ ವಸ್ತುವನ್ನು ಇಬ್ಬರಿಗೆ ಕೊಡುವಂತಿಲ್ಲ. ಒಂದು ಪೋಕೆಮಾನ್ ನಿಲ್ಲಲು ಬೂಟ್ಸ್, ಟೆರಾ, ಕಲ್ಲು ಗುಡಿಸುವ ಜೊತೆಗಾರ ಎಲ್ಲವೂ ಬೇಕೆಂದರೆ ಆರರ ತಂಡದಲ್ಲಿ ಅದು ಇಬ್ಬರ ಊಟ ಉಣ್ಣುತ್ತಿದೆ ಎಂದೇ ಅರ್ಥ. ಸಾಕುವ ಶ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ಕಾರ್ಲೆಟ್ ಮತ್ತು ವಯಲೆಟ್‌ನಲ್ಲಿ ನೇಚರ್ (ಒಂದು ಅಂಕ ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ) ಬದಲಿಸುವ ಮಿಂಟ್‌ಗೆ ಆಟದ ಹಣ 20,000, ಐವಿ ಎಂಬ ಹುಟ್ಟು ಅಂಕಗಳನ್ನು ಏರಿಸುವ ಬಾಟಲ್ ಕ್ಯಾಪ್‌ಗೂ ಅಷ್ಟೇ. ಹಿಡನ್ ಎಬಿಲಿಟಿ, ಅಂದರೆ ಅಪರೂಪದ ಸಹಜ ಗುಣ, ಬೇಕಾದರೆ ಎಬಿಲಿಟಿ ಪ್ಯಾಚ್ ಬೇಕು, ಅದಕ್ಕೆ ಆರು ನಕ್ಷತ್ರದ ರೇಡ್‌ಗಳಲ್ಲಿ ಕಾದಾಡಬೇಕು.

ವೋಲ್ಕರೋನಾ: ಒಂದೇ ಸಲ ಬಂದು ಮುಗಿಸುವುದು

ಕೀಟ ಮತ್ತು ಬೆಂಕಿ. ಸ್ಪೆಷಲ್ ಅಟ್ಯಾಕ್ 135, ವೇಗ 100, ಸ್ಪೆಷಲ್ ಡಿಫೆನ್ಸ್ 105. ಇದರ ಪ್ರಾಣ ಇರುವುದು ಕ್ವಿವರ್ ಡ್ಯಾನ್ಸ್‌ನಲ್ಲಿ. ಒಮ್ಮೆ ಕುಣಿದರೆ ಈ ಮೂರೂ ಅಂಕಗಳು ಒಟ್ಟಿಗೆ ಒಂದೂವರೆ ಪಟ್ಟಾಗುತ್ತವೆ. ಒಂದು ಸುತ್ತು ಬಿಡುವು ಸಿಕ್ಕರೆ ಸಾಕು, ಮುಂದಿನ ಮೂರು ಸುತ್ತುಗಳಲ್ಲಿ ಪಂದ್ಯ ಮುಗಿಯಬಹುದು.

ಇಲ್ಲಿ ನೇಚರ್ ಆಯ್ಕೆಯಲ್ಲೇ ಒಂದು ನಿಜವಾದ ಇಕ್ಕಟ್ಟಿದೆ. ಲೆವೆಲ್ 100ರಲ್ಲಿ ವೇಗಕ್ಕೆ 252 ಇವಿ ಹಾಕಿ ವೇಗ ಏರಿಸುವ ಟಿಮಿಡ್ ನೇಚರ್ ಇಟ್ಟರೆ ವೇಗ 328, ಒಮ್ಮೆ ಕುಣಿದ ಮೇಲೆ 492. ಸ್ಪೆಷಲ್ ಅಟ್ಯಾಕ್ ಏರಿಸುವ ಮಾಡೆಸ್ಟ್ ಇಟ್ಟರೆ 299, ಕುಣಿದ ಮೇಲೆ 448. ಡ್ರ್ಯಾಗಪಲ್ಟ್‌ನ ಗರಿಷ್ಠ ವೇಗ 421 ಆದ್ದರಿಂದ ಮಾಡೆಸ್ಟ್ ಸಾಕೆಂದು ತೋರುತ್ತದೆ, ದಾಳಿಯೂ ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ಆದರೆ ವೇಗ ಹೆಚ್ಚಿಸುವ ಚಾಯ್ಸ್ ಸ್ಕಾರ್ಫ್ ತೊಟ್ಟ ಲ್ಯಾಂಡೋರಸ್ ತನ್ನ ಥೀರಿಯನ್ ರೂಪದಲ್ಲಿ 463ರವರೆಗೆ ಓಡುತ್ತದೆ, ಅದರ ಕೈಯಲ್ಲಿ ಕಲ್ಲಿನ ದಾಳಿಯಾದ ಸ್ಟೋನ್ ಎಡ್ಜ್ ಇದ್ದರೆ ವೋಲ್ಕರೋನಾಕ್ಕೆ ನಾಲ್ಕು ಪಟ್ಟು ಪೆಟ್ಟು. ಅದಕ್ಕೇ ನಾನು ಟಿಮಿಡ್ ಬಿಡುವುದಿಲ್ಲ. ಕುಣಿದು ಸಿದ್ಧವಾದ ವೋಲ್ಕರೋನಾವನ್ನು ವೇಗದ ಕೊರತೆಯಿಂದ ಕಳೆದುಕೊಳ್ಳುವ ನೋವು ದೊಡ್ಡದು.

ಟೆರಾ ಕೊಡುವುದಾದರೆ ನೀರು ನನ್ನ ಮೊದಲ ಆಯ್ಕೆ. ವೋಲ್ಕರೋನಾದ ಮೂರೂ ದೌರ್ಬಲ್ಯಗಳು, ಅಂದರೆ ಕಲ್ಲು, ನೀರು, ಹಾರಾಟ, ಒಂದೇ ಏಟಿಗೆ ಅಳಿಸಿಹೋಗುತ್ತವೆ. ನೀರಿನ ದಾಳಿಯಂತೂ ಅರ್ಧಕ್ಕಿಳಿಯುತ್ತದೆ. ಹುಲ್ಲು ಮತ್ತು ವಿದ್ಯುತ್ತಿನ ದಾಳಿಗಳ ಬಗ್ಗೆ ಮಾತ್ರ ಹೊಸದಾಗಿ ಎಚ್ಚರ ಬೇಕು. ಬೂಟ್ಸ್ ಮಾತ್ರ ಕಡ್ಡಾಯ. ಬೂಟ್ಸ್ ಇಲ್ಲದೆ ಆಡಿಸುವ ಹಟ ಇದ್ದರೆ, ಲೆವೆಲ್ 100ರಲ್ಲಿ ಎಚ್‌ಪಿಯನ್ನು 311ರಲ್ಲೇ ಬಿಡಿ. ಲೆವೆಲ್ 50ರಲ್ಲಿ ಈ ಲೆಕ್ಕ ತಿರುಗುಮುರುಗು: ಇವಿ ಹಾಕದಿದ್ದರೆ 160, 4 ಇವಿ ಹಾಕಿದರೆ 161. ಅಲ್ಲಿ ಆ ನಾಲ್ಕನ್ನು ಎಚ್‌ಪಿಗೇ ಹಾಕಬೇಕು. ಎಲ್ಲಿ ಆಡಿದರೂ ಬೆಸ ಸಂಖ್ಯೆಯೇ ನಿಮ್ಮ ಗುರಿ.

ಸಾಕುವುದು ತಾಳ್ಮೆಯ ಕೆಲಸ. ಲಾರ್ವೆಸ್ಟಾ ವೋಲ್ಕರೋನಾ ಆಗುವುದು ಲೆವೆಲ್ 59ಕ್ಕೆ. ತಂಡದ ಉಳಿದ ಐವರು ಇದಕ್ಕೆ ದಾರಿ ಮಾಡಿಕೊಡುವಂಥವರಾದರೆ ಮಾತ್ರ ಇದನ್ನು ಆರಿಸಿ. ಆಟದ ಮಧ್ಯೆ ಹತ್ತು ಸಲ ಬಂದು ಪೆಟ್ಟು ತಡೆದುಕೊಳ್ಳಲಿ ಎಂದು ಬಯಸುವವರಿಗೆ ಇದು ಸಲ್ಲದು.

ಹೀಟ್ರಾನ್: ಕಲ್ಲಿಗೆ ಅಂಜದ ಬೆಂಕಿ

ಹತ್ತು ಸಲ ಬರುವ ಬೆಂಕಿ ಬೇಕಾದವರಿಗೆ ಹೀಟ್ರಾನ್. ಬೆಂಕಿಗೆ ಕಲ್ಲಿನಿಂದ ಎರಡು ಪಟ್ಟು ಪೆಟ್ಟು, ಉಕ್ಕಿಗೆ ಅರ್ಧ. ಎರಡೂ ಸೇರಿದ ಹೀಟ್ರಾನ್‌ಗೆ ಕಲ್ಲು ಸಾಮಾನ್ಯ ದಾಳಿ. ಹಾಗಾಗಿ ಸ್ಟೆಲ್ತ್ ರಾಕ್ ಇದರಿಂದ ಎಂಟನೆಯ ಒಂದು ಪಾಲನ್ನಷ್ಟೇ ಕೀಳುತ್ತದೆ, ಬೂಟ್ಸ್ ಇಲ್ಲದೆಯೇ ಓಡಾಡಬಹುದು, ವಸ್ತುವಿನ ಜಾಗ ಲೆಫ್ಟೋವರ್ಸ್‌ಗೆ ಸಿಗುತ್ತದೆ. ಈ ಒಂದು ಸಂಗತಿಗಾಗಿಯೇ ಸಿಂಗಲ್ಸ್‌ನಲ್ಲಿ ನಾನು ಬೇರೆಲ್ಲ ಬೆಂಕಿಗಳಿಗಿಂತ ಇದನ್ನು ಮೇಲಿಡುತ್ತೇನೆ.

ತಡೆಯುವ ಶಕ್ತಿಯೂ ಅಗಾಧ. ಹುಲ್ಲು, ಹಿಮ, ಕೀಟ, ಉಕ್ಕು, ಫೇರಿ ದಾಳಿಗಳ ಕಾಲು ಪಾಲು ಮಾತ್ರ ಇದಕ್ಕೆ ತಾಗುತ್ತದೆ. ವಿಷ ತಾಗುವುದೇ ಇಲ್ಲ. ಫ್ಲ್ಯಾಶ್ ಫೈರ್ ಎಬಿಲಿಟಿ ಇರುವುದರಿಂದ ಬೆಂಕಿಯ ದಾಳಿಯನ್ನು ನುಂಗಿ ತನ್ನ ಬೆಂಕಿಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳುತ್ತದೆ. ಮ್ಯಾಗ್ಮಾ ಸ್ಟಾರ್ಮ್ ಎದುರಾಳಿಯನ್ನು ಹೊರಹೋಗದಂತೆ ಕಟ್ಟಿಹಾಕಿ ಪ್ರತಿ ಸುತ್ತಿಗೆ ಎಂಟನೆಯ ಒಂದು ಪಾಲು ತಿನ್ನುತ್ತದೆ. ಅದರ ಮೇಲೆ, ದಾಳಿಯಲ್ಲದ ನಡೆಗಳನ್ನು ತಡೆಯುವ ಟಾಂಟ್ ಹಾಕಿದರೆ, ಗಾಯ ಮಾಯಿಸಿಕೊಂಡೇ ಬದುಕುವ ಪೋಕೆಮಾನ್ ಕೈಕಟ್ಟಿ ನಿಂತು ಕರಗುವುದನ್ನು ನೋಡಬಹುದು. ಮ್ಯಾಗ್ಮಾ ಸ್ಟಾರ್ಮ್ ತಾಗುವ ಸಾಧ್ಯತೆ ನೂರಕ್ಕೆ 75 ಎಂಬುದನ್ನು ಮರೆಯಬೇಡಿ. ನಾಲ್ಕು ಸಲಕ್ಕೆ ಒಮ್ಮೆ ತಪ್ಪುವ ಅಸ್ತ್ರದ ಮೇಲೆ ಇಡೀ ಯೋಜನೆ ನಿಲ್ಲಿಸುವವರು ತಪ್ಪಿದಾಗ ಏನು ಮಾಡುತ್ತೇವೆ ಎಂದು ಮೊದಲೇ ಯೋಚಿಸಿರಬೇಕು.

ಬೆಲೆ? ನೆಲದ ದಾಳಿಗೆ ನಾಲ್ಕು ಪಟ್ಟು ದೌರ್ಬಲ್ಯ. ಅರ್ಥ್‌ಕ್ವೇಕ್ ಎಲ್ಲರ ಕೈಯಲ್ಲೂ ಇರುವ ಅಸ್ತ್ರ. ಏರ್ ಬಲೂನ್ ಒಂದು ಪರಿಹಾರ, ಆದರೆ ಮೊದಲ ಪೆಟ್ಟಿಗೇ ಒಡೆಯುತ್ತದೆ. ಹುಲ್ಲಿನ ಟೆರಾ ಹೆಚ್ಚು ಗಟ್ಟಿ: ನೆಲ ಮತ್ತು ನೀರು ಅರ್ಧಕ್ಕಿಳಿಯುತ್ತವೆ, ಹೊಸದಾಗಿ ಬರುವ ಬೆಂಕಿಯ ದೌರ್ಬಲ್ಯವನ್ನು ಫ್ಲ್ಯಾಶ್ ಫೈರ್ ಮುಚ್ಚುತ್ತದೆ. ಈ ಹೊಂದಾಣಿಕೆಯನ್ನು ಮೊದಲ ಸಲ ಕಂಡಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಇನ್ನು ಸ್ಕಾರ್ಲೆಟ್ ಮತ್ತು ವಯಲೆಟ್‌ನಲ್ಲಿ ಇದು ಬೇಕಾದರೆ ಬೇರೆ ಆಟದಿಂದ ಪೋಕೆಮಾನ್ ಹೋಮ್ ಮೂಲಕ ತರಬೇಕು. ಹೊಸದಾಗಿ ಶುರು ಮಾಡಿದವರಿಗೆ ಇದು ದೊಡ್ಡ ತಡೆಯೇ.

ಇನ್ಸಿನರೋರ್: ಪ್ರತಿ ಪ್ರವೇಶವೂ ಒಂದು ಆಯುಧ

ಡಬಲ್ಸ್ ಆಡುವವರು ಮೇಲಿನದೆಲ್ಲವನ್ನೂ ಬಿಟ್ಟು ಇಲ್ಲಿಂದಲೇ ಓದಿದರೂ ನಷ್ಟವಿಲ್ಲ. ಬೆಂಕಿ ಮತ್ತು ಕತ್ತಲ ವರ್ಗದ ಇನ್ಸಿನರೋರ್‌ನ ಅಂಕಗಳನ್ನು ನೋಡಿದರೆ ಯಾರಿಗೂ ಬೆರಗಾಗುವುದಿಲ್ಲ. ವೇಗ ಬರೀ 60. ಆದರೂ 2016ರಲ್ಲಿ ಸನ್ ಮತ್ತು ಮೂನ್ ಆಟಗಳಲ್ಲಿ ಬಂದ ಇದು, ಅದಕ್ಕೆ ಅವಕಾಶವಿರುವ ಡಬಲ್ಸ್ ನಿಯಮಗಳಲ್ಲೆಲ್ಲ ಹೆಚ್ಚು ಬಳಕೆಯ ಹೆಸರುಗಳಲ್ಲಿ ಒಂದಾಗಿದೆ.

ಎರಡು ಸುತ್ತುಗಳನ್ನು ಹತ್ತಿರದಿಂದ ನೋಡಿ. ಇನ್ಸಿನರೋರ್ ಇಳಿದ ಕ್ಷಣ ಇಂಟಿಮಿಡೇಟ್ ಕೆಲಸ ಮಾಡುತ್ತದೆ, ಎದುರಿನ ಇಬ್ಬರ ದೈಹಿಕ ದಾಳಿಯೂ ಮೂರನೆಯ ಎರಡು ಪಾಲಿಗೆ ಕುಸಿಯುತ್ತದೆ. ಮೊದಲ ಸುತ್ತಿನಲ್ಲಿ ಫೇಕ್ ಔಟ್ ಹೊಡೆದು ಒಬ್ಬನನ್ನು ಬೆಚ್ಚಿಬೀಳಿಸುತ್ತದೆ, ಅಷ್ಟರಲ್ಲಿ ಪಕ್ಕದ ಜೊತೆಗಾರ ತಂಡದ ವೇಗ ಏರಿಸುವ ಟೇಲ್‌ವಿಂಡ್ ಅಥವಾ ನಿಧಾನದವರನ್ನೇ ಮೊದಲು ಆಡಿಸುವ ಟ್ರಿಕ್ ರೂಮ್ ಹಾಕಿ ಮುಗಿಸುತ್ತಾನೆ. ಎರಡನೆಯ ಸುತ್ತಿನಲ್ಲಿ ಪಾರ್ಟಿಂಗ್ ಶಾಟ್: ಒಬ್ಬನ ಎರಡೂ ಬಗೆಯ ದಾಳಿ ಇನ್ನೊಂದು ಮೆಟ್ಟಿಲು ಇಳಿಯುತ್ತದೆ, ಅವನ ದೈಹಿಕ ದಾಳಿ ಈಗ ಅರ್ಧ. ಇನ್ಸಿನರೋರ್ ಹೊರಗೆ, ಅದರ ಜಾಗಕ್ಕೆ ನಿಮ್ಮ ಮುಖ್ಯ ದಾಳಿಗಾರ ಒಳಗೆ. ಮುಂದೆ ಮತ್ತೆ ಬಂದಾಗ ಇಂಟಿಮಿಡೇಟ್ ಹೊಸದು, ಫೇಕ್ ಔಟ್ ಕೂಡ ಹೊಸದು. ಒಳಗೆ ಬಂದ ಮೊದಲ ಸುತ್ತಿಗೆ ಮಾತ್ರ ಫಲಿಸುವ ಫೇಕ್ ಔಟ್‌ಗೆ ಇಂಥ ಓಡಾಟವೇ ಜೀವ.

ಇದಕ್ಕೂ ಮದ್ದುಂಟು. ಡಿಫೈಯಂಟ್ ಎಬಿಲಿಟಿಯ ಕಿಂಗ್‌ಗ್ಯಾಂಬಿಟ್ ಎದುರಿದ್ದರೆ ನಿಮ್ಮ ಇಂಟಿಮಿಡೇಟ್ ಅದರ ದಾಳಿಯನ್ನೇ ಏರಿಸುತ್ತದೆ. ಕ್ಲಿಯರ್ ಅಮ್ಯುಲೆಟ್ ತೊಟ್ಟವರ ಮೇಲೆ ಇಂಟಿಮಿಡೇಟ್ ನಡೆಯುವುದಿಲ್ಲ, ಪಾರ್ಟಿಂಗ್ ಶಾಟ್‌ನಿಂದ ಹೊರಹೋಗಲೂ ಆಗುವುದಿಲ್ಲ. ಎದುರಾಳಿಯ ಆರು ಹೆಸರುಗಳು ತೆರೆಯ ಮೇಲೆ ಬಂದಾಗಲೇ ಇವುಗಳನ್ನು ಹುಡುಕಿ. ವಸ್ತುವಿನ ವಿಷಯದಲ್ಲಿ ಅಸಾಲ್ಟ್ ವೆಸ್ಟ್ ಆಕರ್ಷಕವಾಗಿ ಕಾಣುತ್ತದೆ, ಆದರೆ ಅದು ತೊಟ್ಟರೆ ಪಾರ್ಟಿಂಗ್ ಶಾಟ್ ಬಳಸುವಂತಿಲ್ಲ. ನನ್ನ ಮಟ್ಟಿಗೆ ಅದು ಇನ್ಸಿನರೋರ್‌ನ ಅರ್ಧ ಪ್ರಾಣ ತೆಗೆದಂತೆ. ಸಿಟ್ರಸ್ ಬೆರ್ರಿ ಇಲ್ಲವೇ ಸೇಫ್ಟಿ ಗಾಗಲ್ಸ್ ಕೊಡಿ.

ಇನ್ಸಿನರೋರ್ ಆಗಿ ಬೆಳೆಯುವ ಲಿಟನ್ ಸಿಗುವುದು ಸ್ಕಾರ್ಲೆಟ್ ಮತ್ತು ವಯಲೆಟ್‌ನ ಇಂಡಿಗೋ ಡಿಸ್ಕ್ ವಿಸ್ತರಣೆಯಲ್ಲಿ, ಇಂಟಿಮಿಡೇಟ್ ಹಿಡನ್ ಎಬಿಲಿಟಿ. ಅಂದರೆ ವಿಸ್ತರಣೆಯೂ ಬೇಕು, ಪ್ಯಾಚೂ ಬೇಕು. ಡಬಲ್ಸ್ ಮನಸ್ಸಿಟ್ಟು ಆಡುವವರಿಗೆ ಈ ಖರ್ಚು ದಂಡವಾಗುವುದಿಲ್ಲ. ಸಿಂಗಲ್ಸ್‌ಗೆ ಮಾತ್ರ ಇದನ್ನು ನಾನು ಒತ್ತಾಯಿಸುವುದಿಲ್ಲ. ಒಬ್ಬನೇ ಎದುರಾಳಿಯ ಮುಂದೆ ಇದರ ಲಾಭ ಅರ್ಧವಾಗುತ್ತದೆ, ಕಲ್ಲುಗಳು ಪ್ರತಿ ಪ್ರವೇಶಕ್ಕೂ ಕಾಲು ಪಾಲು ವಸೂಲಿ ಮಾಡುತ್ತವೆ.

ಉಳಿದವು

ಕೈಯಲ್ಲಿರುವುದು ಸ್ಕಾರ್ಲೆಟ್ ಅಥವಾ ವಯಲೆಟ್ ಆಟವೊಂದೇ, ವಿಸ್ತರಣೆ ಇಲ್ಲ ಎನ್ನುವವರಿಗೆ ಸ್ಕೆಲಿಡರ್ಜ್ ನಿಜಕ್ಕೂ ಒಳ್ಳೆಯ ಆಯ್ಕೆ. ಆಟದ ಆರಂಭದಲ್ಲೇ, ಮುಂದೆ ಸ್ಕೆಲಿಡರ್ಜ್ ಆಗುವ ಫ್ಯೂಕೋಕೋವನ್ನು ಆರಿಸಿಕೊಂಡರೆ ಸಾಕು. ಬೆಂಕಿ ಮತ್ತು ಭೂತ ವರ್ಗ, ಎಚ್‌ಪಿ 104, ಡಿಫೆನ್ಸ್ 100. ಟಾರ್ಚ್ ಸಾಂಗ್ ಪ್ರತಿ ಸಲ ತಾಗಿದಾಗಲೂ ತನ್ನ ಸ್ಪೆಷಲ್ ಅಟ್ಯಾಕ್ ಒಂದು ಮೆಟ್ಟಿಲು ಏರುತ್ತದೆ. ಸ್ಲ್ಯಾಕ್ ಆಫ್ ಅರ್ಧ ಎಚ್‌ಪಿ ಮರಳಿ ಕೊಡುತ್ತದೆ, ವಿಲ್ ಓ ವಿಸ್ಪ್ ಬರ್ನ್ ಹಚ್ಚುತ್ತದೆ. ಪ್ಯಾಚ್ ಖರ್ಚು ಮಾಡಿ ಅನ್‌ಅವೇರ್ ಎಬಿಲಿಟಿ ಕೊಟ್ಟರೆ ಎದುರಾಳಿ ಸ್ವೋರ್ಡ್ಸ್ ಡ್ಯಾನ್ಸ್ ಎಷ್ಟು ಸಲ ಕುಣಿದಿದ್ದರೂ ಅದರ ಪೆಟ್ಟು ಕುಣಿಯದವನ ಪೆಟ್ಟಿನಷ್ಟೇ. ಏರಿಸಿಕೊಂಡ ವೇಗ ಮಾತ್ರ ಏರಿದ್ದೇ ಆಗಿರುತ್ತದೆ, ಮೋಸಹೋಗಬೇಡಿ. ಇದಕ್ಕೆ ಕಲ್ಲಿನ ವಸೂಲಿ ಕಾಲು ಪಾಲು, ಬೂಟ್ಸ್ ಬೇಕೇ ಬೇಕು. ಇದನ್ನು ಕೊಲ್ಲುವುದು ನಾಕ್ ಆಫ್: ಭೂತಕ್ಕೆ ಕತ್ತಲ ದಾಳಿ ಎರಡು ಪಟ್ಟು, ಜೊತೆಗೆ ಬೂಟ್ಸ್ ಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಪ್ರವೇಶಕ್ಕೂ ಸ್ಲ್ಯಾಕ್ ಆಫ್ ಸುರಿಯಬೇಕಾಗುತ್ತದೆ, ಈ ಪೀಳಿಗೆಯಲ್ಲಿ ಅದರ ಪಿಪಿ, ಅಂದರೆ ಒಂದು ಪಂದ್ಯದಲ್ಲಿ ಬಳಸಬಹುದಾದ ಸಲಗಳು, ಬರೀ 5, ಪೂರ್ತಿ ಏರಿಸಿದರೆ 8.

ಸಿಂಡರೇಸ್ ವೇಗ ಬಯಸುವವರಿಗೆ. ವೇಗ 119, ಅಟ್ಯಾಕ್ 116, ಪೈರೋ ಬಾಲ್‌ನ ಶಕ್ತಿ 120. ಲಿಬೆರೋ ಎಬಿಲಿಟಿ ಹಿಂದಿನ ಪೀಳಿಗೆಯಲ್ಲಿ ಪ್ರತಿ ದಾಳಿಗೂ ವರ್ಗ ಬದಲಿಸುತ್ತಿತ್ತು, ಈಗ ಒಂದು ಪ್ರವೇಶಕ್ಕೆ ಒಂದೇ ಸಲ. ಹಾಗಾಗಿ ಇದೂ ಯೂ ಟರ್ನ್ ಹೊಡೆದು ಹೊರಹೋಗಿ ಮತ್ತೆ ಬರುವ ಓಡಾಟದ ಪೋಕೆಮಾನ್ ಆಗಿದೆ. ಕೋರ್ಟ್ ಚೇಂಜ್ ನಿಮ್ಮ ಕಡೆಯ ಕಲ್ಲುಗಳನ್ನು ಎತ್ತಿ ಎದುರಾಳಿಯ ಅಂಗಳಕ್ಕೆ ಹಾಕುತ್ತದೆ, ತಂಡಕ್ಕೆ ಬೇರೆ ಗುಡಿಸುವವರು ಬೇಕಿಲ್ಲ. ಮೈ ಮಾತ್ರ ತೆಳು.

ಟಾರ್ಕೋಲ್ ಬಿಸಿಲಿನ ತಂಡದವರಿಗೆ. ಡ್ರಾಟ್ ಎಬಿಲಿಟಿ ಇರುವ ಇದು ಇಳಿದ ಕೂಡಲೇ ಬಿಸಿಲು ಬರುತ್ತದೆ, ಬೆಂಕಿ ಒಂದೂವರೆ ಪಟ್ಟಾಗುತ್ತದೆ, ನೀರು ಅರ್ಧವಾಗುತ್ತದೆ. ವೇಗ 20 ಎಂಬುದೇ ಇಲ್ಲಿ ವರ. ಮಳೆ ತರುವ ಪೆಲಿಪರ್ ಜೊತೆ ಒಟ್ಟಿಗೆ ಇಳಿದರೆ ನಿಧಾನವಾದವನ ಎಬಿಲಿಟಿ ಕೊನೆಗೆ ಜಾರಿಯಾಗುತ್ತದೆ, ಉಳಿಯುವುದು ಟಾರ್ಕೋಲ್‌ನ ಬಿಸಿಲು. ಟ್ರಿಕ್ ರೂಮ್ ಒಳಗೆ ಪೂರ್ಣ ಎಚ್‌ಪಿಯಿಂದ 150 ಶಕ್ತಿಯ ಇರಪ್ಷನ್ ಎದುರಿನ ಇಬ್ಬರ ಮೇಲೂ ಬೀಳುತ್ತದೆ. ಎಚ್‌ಪಿ ಇಳಿದಂತೆ ಆ ಶಕ್ತಿಯೂ ಇಳಿಯುವುದರಿಂದ ಮೊದಲ ಏಟು ನಿಮ್ಮದೇ ಆಗಿರಬೇಕು. ವೇಗದ ಐವಿ ಸೊನ್ನೆ ಇರುವುದನ್ನು ಹುಡುಕುವ ಶ್ರಮ ಬೇರೆ, ಬಾಟಲ್ ಕ್ಯಾಪ್ ಐವಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಲೆವೆಲ್ 50ರಲ್ಲಿ ವೇಗ ತಗ್ಗಿಸುವ ನೇಚರ್‌ನೊಂದಿಗೆ ಐವಿ ಸೊನ್ನೆಯಾದರೆ 22, ಐವಿ 31 ಆದರೆ 36.

ಚಾರಿಜಾರ್ಡ್ ಬಗ್ಗೆ ಕೇಳುವವರು ಬಹಳ, ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಮೆಗಾ ರೂಪಗಳಿದ್ದ ಆಟಗಳಲ್ಲಿ ಇದು ಎದುರಾಳಿಗೆ ನಡುಕ ಹುಟ್ಟಿಸುತ್ತಿತ್ತು. ಮೆಗಾ ಇಲ್ಲದಲ್ಲಿ ಉಳಿಯುವುದು ಬೆಂಕಿ ಮತ್ತು ಹಾರಾಟದ ವರ್ಗ, ಕಲ್ಲಿಗೆ ನಾಲ್ಕು ಪಟ್ಟು ದೌರ್ಬಲ್ಯ, ಕ್ವಿವರ್ ಡ್ಯಾನ್ಸ್‌ನ ಆಸರೆಯೂ ಇಲ್ಲ. ಸೋಲಾರ್ ಪವರ್ ಎಬಿಲಿಟಿಯೊಂದಿಗೆ ಟಾರ್ಕೋಲ್‌ನ ಬಿಸಿಲಿನಲ್ಲಿ ಆಡಿಸಿದರೆ ಸ್ಪೆಷಲ್ ಅಟ್ಯಾಕ್ ಒಂದೂವರೆ ಪಟ್ಟಾಗುತ್ತದೆ, ಪ್ರತಿ ಸುತ್ತಿಗೆ ಎಂಟನೆಯ ಒಂದು ಪಾಲು ಎಚ್‌ಪಿ ಕರಗುತ್ತದೆ. ಇಷ್ಟಪಟ್ಟು ಆಡಿಸುವವರು ಇದೊಂದು ದಾರಿಯನ್ನು ಗಟ್ಟಿಯಾಗಿ ಹಿಡಿಯಿರಿ.

ತೀರ್ಮಾನಕ್ಕೆ ಮುನ್ನ

ಎರಡರ ನಡುವೆ ತೂಗಾಡುತ್ತಿದ್ದರೆ, ಸಾಕುವ ಮೊದಲು ಪೋಕೆಮಾನ್ ಶೋಡೌನ್‌ನಲ್ಲಿ ಆಡಿ ನೋಡಿ. ಬ್ರೌಸರ್‌ನಲ್ಲೇ ಉಚಿತವಾಗಿ ತಂಡ ಕಟ್ಟಬಹುದು, ಮಿಂಟ್ ಬೇಡ, ಪ್ಯಾಚ್ ಬೇಡ. ನಿಮ್ಮ ನಿಯಮಾವಳಿಯಲ್ಲಿ ಆ ಪೋಕೆಮಾನ್‌ಗೆ ಅವಕಾಶ ಇದೆಯೇ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ, ನಿಷೇಧ ಪಟ್ಟಿಗಳು ಆಗಾಗ ಬದಲಾಗುತ್ತವೆ. ಉಳಿದ ಐವರನ್ನು ಹಾಗೆಯೇ ಇಟ್ಟು, ಒಂದು ಬೆಂಕಿಯೊಂದಿಗೆ ಹತ್ತು ಪಂದ್ಯ, ಇನ್ನೊಂದರೊಂದಿಗೆ ಹತ್ತು ಪಂದ್ಯ ಆಡಿ.

ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ಪಂದ್ಯಕ್ಕೂ ಮೂರು ಸಂಗತಿ ಬರೆಯಿರಿ: ಅದು ಎಷ್ಟು ಸಲ ಇಳಿಯಿತು, ಇಳಿಯುವಾಗಲೇ ಎಷ್ಟು ಎಚ್‌ಪಿ ಹೋಯಿತು, ಟೆರಾ ಅದಕ್ಕೇ ಖರ್ಚಾಯಿತೇ. ಗೆಲುವು ಸೋಲನ್ನು ಬೇಕಾದರೆ ಮೂಲೆಯಲ್ಲಿ ಗುರುತು ಮಾಡಿ, ಹತ್ತು ಪಂದ್ಯಗಳ ಗೆಲುವು ಬರೀ ಅದೃಷ್ಟದಿಂದಲೂ ಬರಬಹುದು. ವೋಲ್ಕರೋನಾದ ಹಾಳೆಯಲ್ಲಿ ಪ್ರವೇಶಗಳು ಪಂದ್ಯಕ್ಕೆ ಒಂದೋ ಎರಡೋ ಇದ್ದರೆ ಅದು ಸರಿಯಾಗಿ ಕೂತಿದೆ ಎಂದರ್ಥ. ನಾಲ್ಕೈದು ಆಗುತ್ತಿದ್ದರೆ ನಿಮ್ಮ ತಂಡ ಕೇಳುತ್ತಿರುವುದು ಹೀಟ್ರಾನ್ ಅಥವಾ ಸ್ಕೆಲಿಡರ್ಜ್. ಡಬಲ್ಸ್‌ನಲ್ಲಿ ಇನ್ಸಿನರೋರ್ ಒಂದೇ ಸಲ ಇಳಿದು ಅಲ್ಲೇ ಬೀಳುತ್ತಿದ್ದರೆ ಪೋಕೆಮಾನ್ ಬದಲಿಸಬೇಡಿ. ಪಾರ್ಟಿಂಗ್ ಶಾಟ್ ಅನ್ನು ಒಂದು ಸುತ್ತು ಮೊದಲೇ ಬಳಸಿ ನೋಡಿ.